ಲೀಸ್ ಅವಧಿ ಮುಗಿದ ಗೆಳೆಯನ ಐಷಾರಾಮಿ ಕಾರನ್ನು ಕೊಳ್ಳುವ ಕ್ರಮ

ಬೆಂಗಳೂರಿನಲ್ಲಿ ಲೀಸ್ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮನೆಯ ಭೋಗ್ಯ. ದೊಡ್ಡ ಮೊತ್ತವೊಂದನ್ನು ಮಾಲೀಕರ ಕೈಗಿತ್ತು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿದ್ದು, ಖಾಲಿ ಮಾಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಅದು. ಕಾರಿನ ಲೀಸ್ ಹಾಗಲ್ಲ. ಸಾಫ್ಟ್‌ವೇರ್ ಮತ್ತಿತರ ಕಂಪನಿಗಳಲ್ಲಿ ಮೇಲಿನ ಹುದ್ದೆಯಲ್ಲಿರುವವರು ಸಂಬಳದ ಭಾಗವಾಗಿ ಕಾರನ್ನು ಆರಿಸಿಕೊಂಡಾಗ, ಲೀಸ್ ಕಂಪನಿಯು ಆ ಕಾರನ್ನು ತನ್ನ ಹಣದಿಂದ ಕೊಂಡು, ಉದ್ಯೋಗದಾತ ಕಂಪನಿಗೆ ಮೂರು ಅಥವಾ ನಾಲ್ಕು ವರ್ಷದ ಅವಧಿಗೆ ಬಾಡಿಗೆಗೆ ಕೊಡುತ್ತದೆ. ಆ ಬಾಡಿಗೆಯು ಉದ್ಯೋಗಿಯ ಸಂಬಳದಿಂದ ತೆರಿಗೆಯ ಲೆಕ್ಕಕ್ಕೆ ಮೊದಲೇ ಕಡಿತವಾಗುತ್ತದೆ. ಅವಧಿ ಮುಗಿದಾಗ ಅವನು ಕಾರನ್ನು ಹಿಂದಿರುಗಿಸಬಹುದು, ಇಲ್ಲವೇ ಒಪ್ಪಂದದಲ್ಲಿ ಮೊದಲೇ ಗೊತ್ತುಮಾಡಿದ ಉಳಿಕೆ ಮೌಲ್ಯವನ್ನು ತೆತ್ತು ಕೊಂಡುಕೊಳ್ಳಬಹುದು.

ಗೆಳೆಯನೊಬ್ಬ ತನ್ನ ಬಿಎಂಡಬ್ಲ್ಯು ಅಥವಾ ಮರ್ಸಿಡಿಸ್ ಕಾರನ್ನು ನಮಗೆ ಕೊಡಲು ಮುಂದಾಗುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಇದು ಒಳ್ಳೆಯ ಅವಕಾಶವೇ ಸರಿ. ಕಾರನ್ನು ಯಾರು ಓಡಿಸಿದರು, ಹೇಗೆ ಓಡಿಸಿದರು, ಎಲ್ಲಿ ನಿಲ್ಲಿಸಿದರು ಎಂಬುದು ನಮಗೆ ಗೊತ್ತಿರುತ್ತದೆ; ಅಪರಿಚಿತ ವ್ಯಾಪಾರಿಯ ಬಳಿ ಈ ಅನುಕೂಲವಿಲ್ಲ. ಆದರೆ ಒಂದು ಮಾತನ್ನು ಆರಂಭದಲ್ಲೇ ಮನಸ್ಸಿಗೆ ತಂದುಕೊಳ್ಳಬೇಕು. ಗೆಳೆಯನು ಕಾರು ಕೊಡುತ್ತೇನೆಂದು ಹೇಳುವ ದಿನ ಆ ಕಾರು ಅವನದಾಗಿರುವುದಿಲ್ಲ. ಅದು ಇನ್ನೊಬ್ಬರದು, ಮತ್ತು ಅದು ಅವರಿಂದ ಅವನಿಗೂ ಅವನಿಂದ ನಿಮಗೂ ಕಾಗದದ ಮೇಲೆ ದಾಟಿ ಬರಬೇಕು. ಇಂಥ ಖರೀದಿಯಲ್ಲಿ ಕಷ್ಟ ಬರುವುದು ಎಂಜಿನಿನಿಂದಲ್ಲ, ಈ ದಾಟುವಿಕೆಯ ನಡುವಿನ ವಾರಗಳಿಂದ ಎಂಬುದು ನನ್ನ ಸ್ವಂತ ಅನುಭವ.

ಆರ್‌ಸಿಯಲ್ಲಿ ಯಾರ ಹೆಸರಿದೆ

ಬೆಲೆಯ ಮಾತಿಗೆ ಮೊದಲು ಆರ್‌ಸಿಯ ಪ್ರತಿಯನ್ನು ಕೇಳಿ ಪಡೆಯಿರಿ. ಲೀಸ್ ಕಾರುಗಳಲ್ಲಿ ಮೂರು ಬಗೆಯ ನೋಂದಣಿಯನ್ನು ಕಾಣಬಹುದು. ಕೆಲವು ಲೀಸ್ ಕಂಪನಿಯ ಹೆಸರಿನಲ್ಲೇ ಇರುತ್ತವೆ. ಕೆಲವು ಉದ್ಯೋಗದಾತ ಕಂಪನಿಯ ಹೆಸರಿನಲ್ಲಿದ್ದು, ಲೀಸ್ ಒಪ್ಪಂದಕ್ಕೆ ಒಳಪಟ್ಟಿದೆ ಎಂಬ ನಮೂದನ್ನು ಹೊತ್ತಿರುತ್ತವೆ. ಇನ್ನು ಕೆಲವು ಉದ್ಯೋಗಿಯ ಹೆಸರಿನಲ್ಲಿದ್ದು ಅದೇ ನಮೂದನ್ನು ಹೊಂದಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನ ಪ್ರಕಾರ ಇಂಥ ನಮೂದಿರುವ ವಾಹನವನ್ನು, ನಮೂದಿನಲ್ಲಿರುವ ಸಂಸ್ಥೆಯ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ. ಆದ್ದರಿಂದ ಮೂರನೆಯ ಬಗೆಯಲ್ಲೂ, ಅಂದರೆ ಗೆಳೆಯನ ಹೆಸರೇ ಇದ್ದಾಗಲೂ, ಅವನ ಒಬ್ಬನ ಸಹಿಯಿಂದ ಏನೂ ಆಗದು.

ಮೊದಲ ಎರಡು ಬಗೆಗಳಲ್ಲಿ ಇನ್ನೊಂದು ತೊಡಕಿದೆ. ಕಾರು ಮೊದಲು ಸಂಸ್ಥೆಯಿಂದ ಗೆಳೆಯನ ಹೆಸರಿಗೆ, ಆಮೇಲೆ ನಿಮ್ಮ ಹೆಸರಿಗೆ ಬಂದರೆ ನೀವು ಮೂರನೆಯ ಮಾಲೀಕರಾಗುತ್ತೀರಿ. ಕಾರನ್ನು ಓಡಿಸಿದವನು ಒಬ್ಬನೇ ಆಗಿದ್ದರೂ ಆರ್‌ಸಿಯಲ್ಲಿ ಮೂರು ಎಂದೇ ದಾಖಲಾಗುತ್ತದೆ, ಮತ್ತು ಮುಂದೆ ನೀವು ಮಾರುವಾಗ ಕೊಳ್ಳುವವರು ಆ ಅಂಕಿಯನ್ನು ತೋರಿಸಿ ಬೆಲೆ ಇಳಿಸುತ್ತಾರೆ. ಕೆಲವು ಲೀಸ್ ಕಂಪನಿಗಳು, ಉದ್ಯೋಗಿಯು ಲಿಖಿತವಾಗಿ ಸೂಚಿಸಿದ ವ್ಯಕ್ತಿಗೆ ಕಾರನ್ನು ನೇರವಾಗಿ ಮಾರಲು ಒಪ್ಪುತ್ತವೆ. ಕೆಲವು ಉದ್ಯೋಗಿಗೆ ಅಥವಾ ಅವನ ಮನೆಯವರಿಗೆ ಮಾತ್ರ ಕೊಡುತ್ತವೆ. ಗೆಳೆಯನು ಇದನ್ನು ತನ್ನ ಕಂಪನಿಯ ಎಚ್‌ಆರ್ ವಿಭಾಗದಲ್ಲೂ ಲೀಸ್ ಕಂಪನಿಯಲ್ಲೂ ಮಿಂಚಂಚೆಯ ಮೂಲಕ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಲಿ. ಫೋನಿನಲ್ಲಿ ಸಿಕ್ಕ ಹೌದು ಎಂಬ ಮಾತಿಗೆ ಈ ವ್ಯವಹಾರದಲ್ಲಿ ಬೆಲೆಯಿಲ್ಲ.

ಈ ಕೆಲಸವನ್ನು ಅವಧಿ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ ಆರಂಭಿಸುವುದು ಒಳ್ಳೆಯದು. ಗೆಳೆಯನು ಈ ನಡುವೆ ಕೆಲಸ ಬಿಡುವ ಯೋಚನೆಯಲ್ಲಿದ್ದರೆ ಅದನ್ನೂ ಈಗಲೇ ಕೇಳಿ ತಿಳಿಯಬೇಕು. ಅವಧಿಗೆ ಮುನ್ನ ಲೀಸನ್ನು ಮುರಿದರೆ ಕಟ್ಟಬೇಕಾದ ಮೊತ್ತವು ಉಳಿಕೆ ಮೌಲ್ಯಕ್ಕಿಂತ ಬಹಳ ಹೆಚ್ಚಾಗಿರುತ್ತದೆ, ಮತ್ತು ನಿಮ್ಮಿಬ್ಬರ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ನೋಂದಣಿ ಸಂಖ್ಯೆಯ ಮೊದಲ ಎರಡು ಅಕ್ಷರಗಳನ್ನೂ ಗಮನಿಸಿ. ಲೀಸ್ ಕಂಪನಿಯು ಕಾರನ್ನು ಮಹಾರಾಷ್ಟ್ರದಲ್ಲೋ ಹರಿಯಾಣದಲ್ಲೋ ನೋಂದಾಯಿಸಿದ್ದರೆ, ಕರ್ನಾಟಕಕ್ಕೆ ತರಲು ಅಲ್ಲಿಂದ ನಿರಾಕ್ಷೇಪಣಾ ಪತ್ರವನ್ನು ಪಡೆದು ಇಲ್ಲಿ ಜೀವಿತಾವಧಿ ತೆರಿಗೆಯನ್ನು ಕಟ್ಟಬೇಕಾಗುತ್ತದೆ. 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಕರ್ನಾಟಕದಲ್ಲಿ ಈ ತೆರಿಗೆಯ ದರ ಶೇ. 18, ಅದರ ಮೇಲೆ ಸೆಸ್ ಬೇರೆ. ಕಾರಿನ ವಯಸ್ಸಿಗೆ ತಕ್ಕಂತೆ ಕಡಿತ ಸಿಕ್ಕರೂ ಐಷಾರಾಮಿ ಕಾರಿನಲ್ಲಿ ಇದು ಹಲವು ಲಕ್ಷ ರೂಪಾಯಿಯ ಮಾತು. ಹೊರರಾಜ್ಯದ ಸಂಖ್ಯೆಯಿರುವ ಕಾರನ್ನು ಕೆಎ ಸಂಖ್ಯೆಯ ಕಾರಿನ ಬೆಲೆಗೆ ಒಪ್ಪಿಕೊಳ್ಳಬಾರದು.

ಉಳಿಕೆ ಮೌಲ್ಯವೇ ಬೆಲೆಯಲ್ಲ

ಸ್ನೇಹ ಕೆಡುವುದು ಇಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಾರಿನ ಮೂಲ ಬೆಲೆ 60 ಲಕ್ಷ ರೂಪಾಯಿ, ಒಪ್ಪಂದದಲ್ಲಿರುವ ಉಳಿಕೆ ಮೌಲ್ಯ 18 ಲಕ್ಷ. ಅದೇ ಮಾದರಿಯ, ಅದೇ ವರ್ಷದ ಕಾರನ್ನು ಹಳೆಯ ಕಾರಿನ ವ್ಯಾಪಾರಿಗಳು 25 ಲಕ್ಷಕ್ಕೆ ಕೊಂಡು 29 ಲಕ್ಷಕ್ಕೆ ಮಾರುತ್ತಿದ್ದಾರೆ ಎಂದುಕೊಳ್ಳಿ. ಕೊಳ್ಳುವವನ ಮನಸ್ಸಿನಲ್ಲಿ 18 ಲಕ್ಷ ಎಂಬ ಅಂಕಿ ನಾಟಿಕೊಳ್ಳುತ್ತದೆ. ಗೆಳೆಯನು ಅಷ್ಟಕ್ಕೇ ಪಡೆಯುತ್ತಿರುವಾಗ ನನ್ನಿಂದ ಹೆಚ್ಚು ಕೇಳುವುದೇಕೆ ಎಂದು ಅನ್ನಿಸುತ್ತದೆ. ಗೆಳೆಯನ ಮನಸ್ಸಿನಲ್ಲಿ 29 ಲಕ್ಷ ಕುಳಿತಿರುತ್ತದೆ.

ಉಳಿಕೆ ಮೌಲ್ಯವು ಮಾರುಕಟ್ಟೆಯ ಬೆಲೆಗಿಂತ ಕಡಿಮೆಯಿದ್ದರೆ ಅದು ಯಾರೂ ಕೊಟ್ಟ ಉಡುಗೊರೆಯಲ್ಲ. ಲೀಸ್ ಬಾಡಿಗೆಯನ್ನು ಗೊತ್ತುಮಾಡುವಾಗ ಕಾರಿನ ಬೆಲೆಯಿಂದ ಉಳಿಕೆ ಮೌಲ್ಯವನ್ನು ಕಳೆದು, ಮಿಕ್ಕ ಭಾಗವನ್ನು ಬಡ್ಡಿಯೊಡನೆ ತಿಂಗಳುಗಳಿಗೆ ಹಂಚುತ್ತಾರೆ. ಉಳಿಕೆ ಮೌಲ್ಯವನ್ನು ಕಡಿಮೆಯಾಗಿ ನಮೂದಿಸಿದಷ್ಟೂ ತಿಂಗಳ ಬಾಡಿಗೆ ಹೆಚ್ಚುತ್ತದೆ. ಅಂದರೆ 18 ಲಕ್ಷಕ್ಕೂ 25 ಲಕ್ಷಕ್ಕೂ ನಡುವಿನ ಆ 7 ಲಕ್ಷವನ್ನು ನಿಮ್ಮ ಗೆಳೆಯನು ಕಳೆದ ವರ್ಷಗಳಲ್ಲಿ ತಿಂಗಳು ತಿಂಗಳೂ ಕಟ್ಟಿದ್ದಾನೆ. ಅದು ಅವನ ಹಣ. ನ್ಯಾಯವಾಗಿ ನೀವಿಬ್ಬರೂ ಹಂಚಿಕೊಳ್ಳಬಹುದಾದದ್ದು 25 ಮತ್ತು 29ರ ನಡುವಿನ ಭಾಗ, ಅಂದರೆ ನಡುವೆ ವ್ಯಾಪಾರಿ ಇಲ್ಲದ್ದರಿಂದ ಉಳಿದ 4 ಲಕ್ಷ. ಇಬ್ಬರು ವ್ಯಾಪಾರಿಗಳಿಂದ ಅವರು ಕೊಳ್ಳುವ ಬೆಲೆಯನ್ನು ಗೆಳೆಯನೇ ಕೇಳಿ ತರಲಿ. ಮಾರಾಟದ ಬೆಲೆಯನ್ನು ನೀವು ನೋಡಿ ಬನ್ನಿ. ಎರಡರ ನಡುವೆ, ಮೇಲಿನ ಉದಾಹರಣೆಯಲ್ಲಿ 27 ಲಕ್ಷದ ಆಸುಪಾಸಿನಲ್ಲಿ ಒಂದು ಮೊತ್ತಕ್ಕೆ ಬಂದು, ಸದ್ಯದಲ್ಲೇ ಬರಲಿರುವ ರಿಪೇರಿಯ ವೆಚ್ಚವನ್ನು ಅದರಿಂದ ಕಳೆಯಬಹುದು. ಗೆಳೆಯನು ಸ್ವಇಚ್ಛೆಯಿಂದ ಇನ್ನೂ ಇಳಿಸಿದರೆ ಸಂತೋಷ, ಆದರೆ ಅದನ್ನು ಹಕ್ಕೆಂದು ಕೇಳುವುದು ಸರಿಯಲ್ಲ.

ಇನ್ನು 18 ಲಕ್ಷ ಎಂಬುದೂ ಅಂತಿಮ ಮೊತ್ತವಲ್ಲ. ಲೀಸ್ ಕಂಪನಿಯು ಮಾರಾಟದ ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಸೇರಿಸಬಹುದು, ಮತ್ತು 10 ಲಕ್ಷ ರೂಪಾಯಿ ಮೀರಿದ ವಾಹನದ ಮಾರಾಟದಲ್ಲಿ ಶೇ. 1ರಷ್ಟು ಟಿಸಿಎಸ್, ಅಂದರೆ ಕೊಳ್ಳುವವರ ಲೆಕ್ಕಕ್ಕೆ ಮಾರುವವರು ಮೊದಲೇ ಪಡೆಯುವ ಆದಾಯ ತೆರಿಗೆಯನ್ನು ವಸೂಲು ಮಾಡುತ್ತದೆ. ಟಿಸಿಎಸ್ ನಷ್ಟವಲ್ಲ, ಬಿಲ್ಲು ಯಾರ ಪ್ಯಾನ್ ಸಂಖ್ಯೆಗೆ ಬಂದಿದೆಯೋ ಅವರು ತಮ್ಮ ಆದಾಯ ತೆರಿಗೆಯಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಹಾಗಾಗಿ ಗೆಳೆಯನ ಹೆಸರಿಗೆ ಬಿಲ್ಲಾಗಿದ್ದರೆ ಆ ಶೇ. 1ನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ಜಿಎಸ್‌ಟಿ ಹಾಗಲ್ಲ, ಅದು ನಿಜವಾದ ಖರ್ಚು. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಡಿಸೆಂಬರ್ 2024ರ ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ ನಿರ್ಧಾರವಾದ ಶೇ. 18ರ ದರವು ನೋಂದಾಯಿತ ಮಾರಾಟಗಾರರ ಲಾಭದ ಅಂಶಕ್ಕೆ ಸಂಬಂಧಿಸಿದ್ದೇ ಹೊರತು, ಸ್ವಂತ ಬಳಕೆಯ ಕಾರನ್ನು ನಿಮಗೆ ಮಾರುವ ಗೆಳೆಯನಿಗೆ ಸಂಬಂಧಿಸಿದ್ದಲ್ಲ.

ಕಾರು ಉದ್ಯೋಗದಾತ ಕಂಪನಿಯದೇ ಆಸ್ತಿಯಾಗಿದ್ದು, ಅದನ್ನು ಕಂಪನಿಯೇ ಉದ್ಯೋಗಿಗೆ ಮಾರುವ ಪಕ್ಷದಲ್ಲಿ ಇನ್ನೊಂದು ತೆರಿಗೆಯ ಲೆಕ್ಕವಿದೆ. ಆದಾಯ ತೆರಿಗೆ ನಿಯಮದಂತೆ ಕಾರಿನ ಮೂಲ ಬೆಲೆಯಿಂದ ಪೂರ್ಣಗೊಂಡ ಪ್ರತಿ ವರ್ಷಕ್ಕೂ, ಉಳಿದ ಮೊತ್ತದ ಮೇಲೆ ಶೇ. 20ರಷ್ಟನ್ನು ಕಳೆಯುತ್ತಾ ಹೋಗಿ, ಕೊನೆಗೆ ನಿಂತ ಮೊತ್ತಕ್ಕಿಂತ ಕಡಿಮೆ ಬೆಲೆಗೆ ಕೊಟ್ಟರೆ ಆ ವ್ಯತ್ಯಾಸವನ್ನು ಸಂಬಳದ ಸವಲತ್ತೆಂದು ಪರಿಗಣಿಸಲಾಗುತ್ತದೆ. 60 ಲಕ್ಷದ ಕಾರು ಮೂರು ವರ್ಷಕ್ಕೆ 48, 38.4, 30.72 ಲಕ್ಷಕ್ಕೆ ಇಳಿಯುತ್ತದೆ. ಅದನ್ನು 18 ಲಕ್ಷಕ್ಕೆ ಪಡೆದವನ ಆದಾಯಕ್ಕೆ 12.72 ಲಕ್ಷ ಸೇರಿಕೊಳ್ಳುತ್ತದೆ, ಶೇ. 30ರ ದರದಲ್ಲಿರುವವನು ಇದಕ್ಕೆ ಸುಮಾರು 3.8 ಲಕ್ಷ ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಕಟ್ಟಬೇಕಾಗುತ್ತದೆ. ನಿಮ್ಮ ಗೆಳೆಯನದು ಯಾವ ಬಗೆಯ ಏರ್ಪಾಡು ಎಂಬುದನ್ನು ಅವನ ಲೆಕ್ಕಪರಿಶೋಧಕರು ಒಪ್ಪಂದವನ್ನು ಓದಿ ಹೇಳಲಿ. ಇದು ತಿಳಿಯದೆ ಬೆಲೆ ಒಪ್ಪಿಕೊಂಡ ಗೆಳೆಯ, ಮುಂದಿನ ಸಂಬಳದ ಚೀಟಿ ನೋಡಿದಾಗ ನಿಮ್ಮ ಮೇಲೆ ಬೇಸರಪಟ್ಟುಕೊಂಡರೆ ತಪ್ಪು ಅವನದಲ್ಲ.

ಗೊತ್ತಿರುವ ಕಾರಾದರೂ ಪರೀಕ್ಷೆ ಬಿಡಬೇಡಿ

ಗೆಳೆಯನು ಸುಳ್ಳು ಹೇಳುತ್ತಾನೆಂದು ಪರೀಕ್ಷೆ ಮಾಡಿಸುವುದಲ್ಲ. ಲೀಸ್ ಕಾರಿನ ಸರ್ವಿಸ್ ಮತ್ತು ವಿಮೆ ಎರಡನ್ನೂ ಹಲವು ಬಾರಿ ಲೀಸ್ ಕಂಪನಿಯೇ ನೋಡಿಕೊಳ್ಳುವುದರಿಂದ, ಯಾವ ಭಾಗ ಬದಲಾಯಿತು, ಯಾವ ಕ್ಲೇಮು ಆಯಿತು ಎಂಬುದು ಅವನಿಗೇ ಪೂರ್ತಿ ತಿಳಿದಿರುವುದಿಲ್ಲ. ಷಾಸಿ ಸಂಖ್ಯೆಯ ಮೇಲೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿರುವ ದಾಖಲೆಯನ್ನೂ ವಿಮಾ ಕಂಪನಿಯಲ್ಲಿರುವ ಕ್ಲೇಮಿನ ವಿವರವನ್ನೂ ಅವನ ಮೂಲಕ ತರಿಸಿಕೊಳ್ಳಿ. ಪ್ರತಿ ಸರ್ವಿಸ್ ಬಿಲ್ಲಿನಲ್ಲಿರುವ ಕಿಲೋಮೀಟರ್ ಅಂಕಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿ.

ಬೆಂಗಳೂರಿನ ಕಾರುಗಳಲ್ಲಿ ನಾನು ಮೊದಲು ಹುಡುಕುವುದು ನೀರಿನ ಗುರುತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ನಿಂತಿದ್ದ ಬೆಲೆಬಾಳುವ ಕಾರುಗಳು ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮೊಣಕಾಲೆತ್ತರ ನೀರು ನಿಲ್ಲಲು ಅಂಥ ದೊಡ್ಡ ಮಳೆಯೂ ಬೇಕಾಗಿಲ್ಲ. ಜರ್ಮನಿಯ ಹಲವು ಕಾರುಗಳಲ್ಲಿ ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ ಘಟಕಗಳು ಡಿಕ್ಕಿಯ ನೆಲದಡಿ ಅಥವಾ ಸೀಟಿನ ಕೆಳಗೆ ಇರುತ್ತವೆ. ನೀರು ಅಲ್ಲಿಗೆ ಹೋದರೆ ತೊಂದರೆ ತಕ್ಷಣ ಕಾಣದೆ, ಒಂದೆರಡು ವರ್ಷದ ಮೇಲೆ ವಯರುಗಳ ಕೀಲುಗಳಲ್ಲಿ ತುಕ್ಕಾಗಿ ಹೊರಬೀಳುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಅದರ ಒಳಭಾಗದಲ್ಲಿ ಕೆಸರಿನ ಗೆರೆಯಿದೆಯೇ ಎಂದು ನೋಡಿ, ಡಿಕ್ಕಿಯ ಹಾಸನ್ನು ಎತ್ತಿ ನೋಡಿ, ಸೀಟಿನ ಹಳಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ.

ಆಮೇಲೆ ಕಾರನ್ನು ಲಿಫ್ಟಿಗೆ ಏರಿಸಿ ತಳವನ್ನು ಪರೀಕ್ಷಿಸಬೇಕು. ನಮ್ಮ ಬೀದಿಯ ಹಂಪುಗಳು ತಗ್ಗಾದ ಸೆಡಾನ್ ಕಾರುಗಳ ಹೊಟ್ಟೆಯನ್ನು ಉಜ್ಜದೆ ಬಿಡುವುದಿಲ್ಲ. ಎಂಜಿನ್ ಆಯಿಲ್ ತಟ್ಟೆ ಮತ್ತು ತಳದ ಕವಚದ ಮೇಲಿನ ಗಾಯಗಳ ಆಳವನ್ನು ಮೆಕ್ಯಾನಿಕ್ ನೋಡಿ ಹೇಳಲಿ. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆಯ ಗುರುತಿರುತ್ತದೆ, 2322 ಎಂದಿದ್ದರೆ 2022ರ 23ನೇ ವಾರ ಎಂದರ್ಥ. ಗಾಳಿ ಹೋದರೂ ಓಡುವ ರನ್‌ಫ್ಲ್ಯಾಟ್ ಟಯರುಗಳಿರುವ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿರಬಹುದು, ಮತ್ತು ನಾಲ್ಕನ್ನೂ ಒಟ್ಟಿಗೆ ಬದಲಿಸುವ ಕಾಲ ಬಂದಿದ್ದರೆ ಆ ವೆಚ್ಚವನ್ನು ಬೆಲೆಯಲ್ಲಿ ಕಳೆಯುವುದು ನ್ಯಾಯ. ಏರ್ ಸಸ್ಪೆನ್ಷನ್ ಇರುವ ಕಾರನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಒಂದು ಮೂಲೆ ಕುಸಿದಿದೆಯೇ ಎಂದು ನೋಡಬೇಕು. ಡೀಸೆಲ್ ಕಾರು ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲೇ ದಿನ ಕಳೆದಿದ್ದರೆ ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಜಾಲರಿಯು ಕಟ್ಟಿಕೊಂಡಿರಬಹುದು, ಏಕೆಂದರೆ ಅದು ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಹೆದ್ದಾರಿಯ ವೇಗದ ಓಟ ಬೇಕು. ಇವೆಲ್ಲವನ್ನೂ ಅಧಿಕೃತ ಕೇಂದ್ರದಲ್ಲಿ ಹಣ ಕೊಟ್ಟು ಪರೀಕ್ಷಿಸಿ ವರದಿ ಪಡೆಯುವುದೇ ಮೇಲು. ವಿಸ್ತರಿತ ವಾರಂಟಿ ಇದ್ದರೆ ಅದು ಹೊಸ ಮಾಲೀಕರಿಗೆ ವರ್ಗಾವಣೆ ಆಗುತ್ತದೆಯೇ ಎಂದೂ ಅಲ್ಲೇ ಕೇಳಬಹುದು.

ಹಣ ಯಾವಾಗ ಕೈದಾಟಬೇಕು

ಗೆಳೆಯನ ಬಳಿ ಉಳಿಕೆ ಮೌಲ್ಯ ಕಟ್ಟುವಷ್ಟು ಹಣ ಇಲ್ಲದಿರುವುದು, ನೀವು ಮೊದಲೇ ಕೊಟ್ಟರೆ ಅವನು ಅದನ್ನು ಕಟ್ಟಿ ಕಾರು ಬಿಡಿಸಿಕೊಳ್ಳುವುದು ಸಾಮಾನ್ಯ. ಇದರಲ್ಲಿ ತಪ್ಪಿಲ್ಲ, ಆದರೆ ಕೊಟ್ಟ ದಿನದಿಂದ ಆರ್‌ಸಿ ನಿಮ್ಮ ಹೆಸರಿಗೆ ಬರುವ ದಿನದವರೆಗೆ ನಿಮ್ಮ ಕೈಯಲ್ಲಿ ಹಣವೂ ಇಲ್ಲ, ಕಾನೂನಿನ ಕಣ್ಣಿನಲ್ಲಿ ಕಾರೂ ಇಲ್ಲ. ನನ್ನ ಖರೀದಿಯಲ್ಲಿ ಲೀಸ್ ಕಂಪನಿಯು ಪೂರ್ತಿ ಹಣ ಪಡೆದ ಮೇಲೂ, ಲೀಸಿನ ನಮೂದನ್ನು ರದ್ದುಮಾಡುವ ಫಾರಂ 35ಕ್ಕೆ ಸಹಿ ಹಾಕಿ ಕಳಿಸಲು ಎರಡು ತಿಂಗಳಿಗೂ ಹೆಚ್ಚು ಸಮಯ ತೆಗೆದುಕೊಂಡಿತು. ಗೆಳೆಯನು ವಾರಕ್ಕೆರಡು ಬಾರಿ ಅವರಿಗೆ ಬರೆಯುತ್ತಿದ್ದ, ನಾನು ವಾರಕ್ಕೆರಡು ಬಾರಿ ಅವನನ್ನು ಕೇಳುತ್ತಿದ್ದೆ. ನಮ್ಮ ನಡುವೆ ಒಂದು ಪುಟದ ಬರಹವಿಲ್ಲದಿದ್ದರೆ ಆ ಎರಡು ತಿಂಗಳು ನಮ್ಮ ಇಪ್ಪತ್ತು ವರ್ಷದ ಸ್ನೇಹಕ್ಕೆ ಭಾರವಾಗುತ್ತಿತ್ತು.

ಆ ಬರಹವನ್ನು ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಮುಂದೆ ಮಾಡಿಕೊಳ್ಳಿ. ಒಟ್ಟು ಬೆಲೆ ಎಷ್ಟು, ಮುಂಗಡ ಎಷ್ಟು, ಜಿಎಸ್‌ಟಿ ಮತ್ತು ವರ್ಗಾವಣೆಯ ಖರ್ಚು ಯಾರದು, ಲೀಸ್ ಕಂಪನಿ ಮಾರಲು ನಿರಾಕರಿಸಿದರೆ ಎಷ್ಟು ದಿನದಲ್ಲಿ ಹಣ ಹಿಂದಕ್ಕೆ ಬರಬೇಕು, ಅಲ್ಲಿಯವರೆಗೆ ಕಾರಿಗೆ ಹಾನಿಯಾದರೆ ಯಾರು ಹೊಣೆ ಎಂಬ ಐದು ಸಂಗತಿಗಳು ಅದರಲ್ಲಿರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಮತ್ತು ದಂಡ ಬೀಳುವುದು ಪಡೆದ ಗೆಳೆಯನಿಗೆ. ಲೀಸ್ ಕಂಪನಿಯು ಒಪ್ಪುವುದಾದರೆ ಉಳಿಕೆ ಮೌಲ್ಯವನ್ನು ನಿಮ್ಮ ಖಾತೆಯಿಂದ ನೇರವಾಗಿ ಅದರ ಖಾತೆಗೆ ಕಟ್ಟಿ, ಗೆಳೆಯನಿಗೆ ಸಲ್ಲಬೇಕಾದ ಭಾಗವನ್ನು ನಮೂದು ರದ್ದಾದ ಮೇಲೆ ಕೊಡುವುದು ಇಬ್ಬರಿಗೂ ನೆಮ್ಮದಿ. ಸಾಲ ಪಡೆದು ಕೊಳ್ಳುವವರು ಬ್ಯಾಂಕನ್ನು ಮೊದಲೇ ವಿಚಾರಿಸಲಿ, ಏಕೆಂದರೆ ಆರ್‌ಸಿ ಇನ್ನೂ ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಹಳೆಯ ಕಾರಿನ ಸಾಲ ಸಿಗುವುದು ಕಷ್ಟ.

ಆರ್‌ಟಿಒ ಮತ್ತು ವಿಮೆ

ಕಚೇರಿಯ ಕೆಲಸ ಸರಳವಾಗಿದೆ. ಲೀಸಿನ ನಮೂದನ್ನು ರದ್ದುಮಾಡಲು ಫಾರಂ 35, ಮಾರಿದವರ ತಿಳಿವಳಿಕೆಗೆ ಫಾರಂ 29, ಕೊಂಡವರ ಅರ್ಜಿಗೆ ಫಾರಂ 30 ಬೇಕು; ಪರಿವಾಹನ್ ತಾಣದಲ್ಲಿ ಅರ್ಜಿ ತುಂಬಿ, ಮೂಲ ಕಾಗದಗಳನ್ನು ಆರ್‌ಟಿಒಗೆ ಒಪ್ಪಿಸಬೇಕು. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೆ ಸಹಿ ಹಾಕಿದವರಿಗೆ ಆ ಅಧಿಕಾರವಿದೆ ಎಂಬ ಪತ್ರವನ್ನೂ ಜೊತೆಗೆ ಪಡೆಯಿರಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕೆ ಮುನ್ನ ಬಾಕಿಯಿರುವ ಸಂಚಾರ ದಂಡಗಳನ್ನು ಗೆಳೆಯನು ಕಟ್ಟಿ ರಸೀದಿ ಕೊಡಲಿ.

ಈ ಗಡುವನ್ನು ಹಗುರವಾಗಿ ಕಾಣಬಾರದು. ಕಾರನ್ನು ಮಾರಿ ಕೈಬಿಟ್ಟಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ. ನೀವು ಓಡಿಸುವಾಗ ಆದ ಅಪಘಾತಕ್ಕೆ ನಿಮಗೆ ಉಪಕಾರ ಮಾಡಿದ ಗೆಳೆಯನು ನ್ಯಾಯಮಂಡಳಿಯ ಮುಂದೆ ನಿಲ್ಲುವಂತೆ ಆಗಬಾರದು. ಆದ್ದರಿಂದ ಹೆಸರು ಬದಲಾಗುವವರೆಗೆ ಕಾರನ್ನು ಮನೆಗೆ ತರದಿರುವುದೇ ನನ್ನ ಸಲಹೆ.

ವಿಮೆಯಲ್ಲಿ ಮೂರನೆಯವರ ಹಾನಿಯ ರಕ್ಷಣೆಯು ಕಾರಿನೊಡನೆ ಹೊಸ ಮಾಲೀಕರಿಗೆ ದಾಟುತ್ತದೆ. ಕಾರಿಗೇ ಆದ ಹಾನಿಯ ರಕ್ಷಣೆ ಮುಂದುವರಿಯಬೇಕಾದರೆ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಕ್ಲೇಮು ಮಾಡದ್ದಕ್ಕೆ ಸಿಗುವ ಎನ್‌ಸಿಬಿ ರಿಯಾಯಿತಿಯು ವಿಮೆ ಮಾಡಿಸಿದವರಿಗೆ ಸೇರಿದ್ದೇ ಹೊರತು ಕಾರಿಗಲ್ಲ, ಅದು ನಿಮಗೆ ಬರುವುದಿಲ್ಲ. ನೀವು ನಿಮ್ಮ ಹಳೆಯ ಕಾರನ್ನು ಮಾರಿ ಎನ್‌ಸಿಬಿ ಪ್ರಮಾಣಪತ್ರವನ್ನು ಪಡೆದಿದ್ದರೆ ಅದನ್ನು ಮೂರು ವರ್ಷದೊಳಗೆ ಈ ಕಾರಿಗೆ ಬಳಸಬಹುದು. ಐದು ವರ್ಷ ಕ್ಲೇಮಿಲ್ಲದವರಿಗೆ ಅದು ಶೇ. 50ರವರೆಗೆ ಇರುವುದರಿಂದ, ಇಷ್ಟು ಬೆಲೆಯ ಕಾರಿನಲ್ಲಿ ದೊಡ್ಡ ಉಳಿತಾಯ.

ಕಾರು ಕೈಗೆ ಬಂದ ದಿನ ಎರಡೂ ಕೀಲಿಗಳನ್ನು ಪಡೆದು, ಗೆಳೆಯನ ಹೆಸರಿನ ಫಾಸ್ಟ್ಯಾಗನ್ನು ಅವನು ಮುಚ್ಚಿಸಿದ ಮೇಲೆ ನಿಮ್ಮದನ್ನು ಮಾಡಿಸಿ. ಇಂಥ ಕಾರುಗಳನ್ನು ಮೊಬೈಲ್ ಆ್ಯಪಿನಿಂದಲೇ ಬಾಗಿಲು ತೆರೆಯಬಹುದು, ಎಲ್ಲಿ ನಿಂತಿದೆ ಎಂದು ನೋಡಬಹುದು. ಗೆಳೆಯನು ನಿಮ್ಮ ಮುಂದೆಯೇ ತನ್ನ ಫೋನಿನಿಂದ ಕಾರನ್ನು ಅಳಿಸಿ, ಕಾರಿನ ಪರದೆಯಲ್ಲಿ ಉಳಿದಿರುವ ಅವನ ಮನೆಯ ವಿಳಾಸವನ್ನೂ ಫೋನ್ ಸಂಖ್ಯೆಗಳನ್ನೂ ತೆಗೆದುಹಾಕಲಿ.